ಕೋಂಬರ್: ಗಿರಣಿಯಲ್ಲಿ ಬಾಚಣಿಗೆ, ಕಡಲಲ್ಲಿ ಹೆದ್ದೆರೆ

ಎಲ್ಲರಿಗೂ ನಮಸ್ಕಾರ.

ನೂಲಿನ ಗಿರಣಿಯಲ್ಲಿ ಕೋಂಬರ್ ಅಂದರೆ ಹತ್ತಿಯನ್ನು ಬಾಚುವ ಯಂತ್ರ. ಇಂಗ್ಲಿಷ್ ನಾವಿಕರ ಬಾಯಲ್ಲಿ ಕೋಂಬರ್ ಅಂದರೆ ನೆತ್ತಿ ಮುಂದಕ್ಕೆ ಬಾಗಿ, ನೊರೆಯಾಗಿ ಸುರಿಯುತ್ತಾ ಬರುವ ಉದ್ದನೆಯ ಹೆದ್ದೆರೆ. ಎರಡಕ್ಕೂ ಮೂಲ ಬಾಚಣಿಗೆ. ಹಳೆಯ ಇಂಗ್ಲಿಷಿನಲ್ಲಿ ಬಾಚಣಿಗೆಗೂ ಹುಂಜದ ಜುಟ್ಟಿಗೂ ಒಂದೇ ಹೆಸರಿತ್ತು. ಜುಟ್ಟಿನಿಂದ ಅಲೆಯ ನೆತ್ತಿಗೆ ಹೋಗುವುದು ದೂರವೇನಲ್ಲ. ಉಣ್ಣೆ ಬಾಚುವ ಕಸುಬುದಾರನಿಗೆ ಮಧ್ಯಯುಗದಲ್ಲೇ ಈ ಹೆಸರಿತ್ತು, ಅಲೆಗೆ ಬಳಕೆಯಾದದ್ದು 19ನೇ ಶತಮಾನದಲ್ಲಿ.

ಪದದ ಮಾತು ಇಷ್ಟೇ ಸಾಕು. ಅಲೆಗೆ ಹೆಸರಿಟ್ಟವರು ಅದರ ಆಕಾರ ನೋಡಿ ಇಟ್ಟರು. ಆದರೆ ಆಕಾರದ ಹಿಂದೆ ಎರಡೂ ಕಡೆ ನಡೆಯುವ ಕೆಲಸವೂ ಒಂದೇ ಬಗೆಯದು: ಗಿಡ್ಡದ್ದನ್ನು ಉದ್ದದ್ದರಿಂದ ಬೇರೆ ಮಾಡುವುದು. ಗಿರಣಿಯಲ್ಲಿ ಆ ಕೆಲಸ ಸರಿಯಾಗಿ ನಡೆಯದಿದ್ದರೆ ನೂಲಿನಲ್ಲೇ ಅಲೆ ಏಳುತ್ತದೆ. ಇದು ಅಲಂಕಾರದ ಮಾತಲ್ಲ. ಅಳೆದು, ನಕ್ಷೆಯಲ್ಲಿ ತೋರಿಸಬಹುದಾದ ಅಲೆ. ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ಮೊದಲು ಕೈಯಿಂದ ಬಾಚುತ್ತಿದ್ದ ಕಾಲ ನೋಡೋಣ. ಇಂಗ್ಲೆಂಡಿನ ಯಾರ್ಕ್‌ಷೈರ್, ನಾರ್ಫೋಕ್ ಕಡೆಯ ಉಣ್ಣೆ ಬಾಚುವವರ ಬಳಿ ಒಂದು ಜೊತೆ ಬಾಚಣಿಗೆ ಇರುತ್ತಿತ್ತು. ಮರದ ಹಿಡಿಗೆ ಅಡ್ಡಲಾಗಿ ಕೂರಿಸಿದ, ಹಲವು ಸಾಲುಗಳ, ಗೇಣುದ್ದದ ಚೂಪಾದ ಉಕ್ಕಿನ ಹಲ್ಲುಗಳು. ಉಣ್ಣೆಯನ್ನು ಸೋಪಿನ ನೀರಲ್ಲಿ ತೊಳೆದು, ಹಿಂಡಿ, ಎಣ್ಣೆ ಸವರುತ್ತಿದ್ದರು. ಬಾಚಣಿಗೆಗಳನ್ನು ಇದ್ದಿಲ ಒಲೆಯ ಮೇಲೆ ಬಿಸಿ ಮಾಡಬೇಕು. ಬಿಸಿ ಹಲ್ಲಿಗೆ ಎಣ್ಣೆ ತೆಳುವಾಗಿ ಹರಿಯುತ್ತದೆ, ಎಳೆ ಮೆತ್ತಗಾಗಿ ತುಂಡಾಗದೆ ಜಾರುತ್ತದೆ. ಒಂದು ಬಾಚಣಿಗೆಯನ್ನು ಕಂಬಕ್ಕೆ ಸಿಕ್ಕಿಸಿ, ಅದರ ಹಲ್ಲಿಗೆ ಉಣ್ಣೆ ತುಂಬಿ, ಇನ್ನೊಂದನ್ನು ಬೀಸಿ ಬೀಸಿ ತುದಿಯಿಂದ ಬುಡದ ಕಡೆಗೆ ಬಾಚುತ್ತಾ ಬರಬೇಕು. ಬುಡದಿಂದ ಶುರು ಮಾಡಿದರೆ ಗಂಟು ಬಿದ್ದು ಎಳೆ ಕಿತ್ತುಹೋಗುತ್ತದೆ. ಸಿಕ್ಕು ಪೂರ್ತಿ ಬಿಟ್ಟ ಮೇಲೆ, ಸಣ್ಣ ತೂತಿನ ಕೊಂಬಿನ ಬಿಲ್ಲೆಯೊಂದರ ಮೂಲಕ ಉದ್ದ ಎಳೆಗಳನ್ನು ಪಟ್ಟಿಯಾಗಿ ಎಳೆಯುತ್ತಿದ್ದರು. ಹೊರಬಂದದ್ದು ‘ಟಾಪ್’. ಹಲ್ಲಿನ ಬುಡದಲ್ಲಿ ಉಳಿದ ಗಿಡ್ಡ ಎಳೆ, ಉಂಡೆ, ಕಸ ‘ನಾಯಿಲ್’. ಇನ್ನೂರು ವರ್ಷ ಕಳೆದರೂ ಈ ಎರಡು ಹೆಸರು ಬದಲಾಗಿಲ್ಲ.

ಹೀಗೆ ಬಾಚಿದ ಉಣ್ಣೆಯಿಂದ ನೂತದ್ದು ವರ್ಸ್ಟೆಡ್, ಕೋಟು ಪ್ಯಾಂಟಿನ ನುಣುಪು ಬಟ್ಟೆ. ಬಾಚದೆ ಬರೀ ಹಿಂಜಿ ನೂತದ್ದು ಬೇರೆಯದೇ ಬಟ್ಟೆ. ನಮ್ಮ ಕುರುಬರ ಕಂಬಳಿ ಈ ಎರಡನೇ ಜಾತಿಯದು. ದಖನಿ ಕುರಿಯ ಒರಟು ಉಣ್ಣೆಯನ್ನು ಹಿಂಜಿ, ನೂತು, ಹುಣಸೆ ಬೀಜದ ಸರಿ ಹಚ್ಚಿ ನೇಯುತ್ತಾರೆ. ಅಲ್ಲಿ ಬಾಚಣಿಗೆಗೆ ಕೆಲಸವಿಲ್ಲ, ಇರಲೂಬಾರದು. ಗಿಡ್ಡ ಎಳೆಗಳು ಅಡ್ಡಾದಿಡ್ಡಿಯಾಗಿ ಉಳಿದರೇ ಕಂಬಳಿ ಗಾಳಿ ಹಿಡಿದು ಬೆಚ್ಚಗಿಡುವುದು, ಮಳೆ ತಡೆಯುವುದು. ಬಾಚಿದ್ದೆಲ್ಲ ಮೇಲು, ಬಾಚದ್ದೆಲ್ಲ ಕೀಳು ಅನ್ನುವ ಅಂಗಡಿ ಮಾತನ್ನು ಇಲ್ಲೇ ಬಿಟ್ಟುಬಿಡೋಣ.

ಕೈಯಲ್ಲಿ ಬಾಚುವವರ ಕಸುಬು ಮುಗಿದ ಬಗೆ ಚೆನ್ನಾಗಿ ದಾಖಲಾಗಿದೆ. 1825ರ ಫೆಬ್ರವರಿ 3ರಂದು ಬ್ರಾಡ್‌ಫರ್ಡ್‌ನಲ್ಲಿ ಅವರ ಪಾಲಕ ಸಂತ ಬ್ಲೇಸನ ಹೆಸರಿನಲ್ಲಿ ಭಾರಿ ಮೆರವಣಿಗೆ ಹೊರಟಿತು. ಕಬ್ಬಿಣದ ಉಣ್ಣೆ ಬಾಚಣಿಗೆಯಿಂದಲೇ ಹಿಂಸೆಪಟ್ಟ ಸಂತ ಆತ. ಪಾಲಕನ ಆಯ್ಕೆಯಲ್ಲಿ ಇಂಥ ಕ್ರೂರ ತಮಾಷೆ ಬೇರೆ ಕಸುಬುಗಳಲ್ಲೂ ಉಂಟು. ಅದೇ ವರ್ಷ ಜೂನ್‌ನಿಂದ ನವೆಂಬರ್‌ವರೆಗೆ ಬಾಚುವವರೂ ನೇಕಾರರೂ ಮುಷ್ಕರ ಹೂಡಿ ಸೋತರು. ಎಡ್ಮಂಡ್ ಕಾರ್ಟ್‌ರೈಟ್ 1790ರ ಸುಮಾರಿಗೇ ಬಾಚುವ ಯಂತ್ರ ಮಾಡಿದ್ದರೂ ಅದು ಕೈಕೆಲಸವನ್ನು ಸೋಲಿಸಲಿಲ್ಲ. ಅಲ್ಸೇಸ್ ಸೀಮೆಯ ಮ್ಯೂಲೂಸ್‌ನ ಜೋಸ್ವೆ ಹೈಲ್‌ಮನ್ 1845ರಲ್ಲಿ ಪೇಟೆಂಟ್ ಪಡೆದ ಯಂತ್ರ ಮತ್ತು ಅದರ ಬೆನ್ನಿಗೇ ಬ್ರಾಡ್‌ಫರ್ಡ್‌ನಲ್ಲಿ ಲಿಸ್ಟರ್, ಹೋಲ್ಡನ್, ನೋಬಲ್ ಹೆಸರಿನ ಯಂತ್ರಗಳು ಬಂದವು. 1850ರ ದಶಕದಲ್ಲಿ ಕೈಕಸುಬು ನೆಲಕಚ್ಚಿತು. ಮಗಳು ತಲೆ ಬಾಚಿಕೊಳ್ಳುವುದನ್ನು ನೋಡಿ ಹೈಲ್‌ಮನ್‌ಗೆ ಉಪಾಯ ಹೊಳೆಯಿತು ಎಂಬ ಕಥೆಯಿದೆ, ಕಥೆಯಾಗಿ ಕೇಳಿಕೊಳ್ಳಬಹುದು. ಉಪಾಯ ಮಾತ್ರ ಗಟ್ಟಿ: ಎಳೆಗಳ ಕುಚ್ಚನ್ನು ಒಂದು ತುದಿಯಲ್ಲಿ ಕಚ್ಚಿ ಹಿಡಿದು ಇನ್ನೊಂದು ತುದಿ ಬಾಚು, ಆಮೇಲೆ ಬಾಚಿದ ತುದಿಯನ್ನು ಹಿಡಿದು ಬಾಲವನ್ನು ಇನ್ನೊಂದು ಬಾಚಣಿಗೆಯೊಳಗಿಂದ ಎಳೆ. ಈಗಿನ ಹತ್ತಿ ಕೋಂಬರ್ ಕೂಡ ಇದನ್ನೇ ಮಾಡುತ್ತದೆ.

ಈಗಿನ ಯಂತ್ರದಲ್ಲಿ ಸಾಮಾನ್ಯವಾಗಿ ಎಂಟು ಹೆಡ್, ಅಂದರೆ ಪಕ್ಕಪಕ್ಕದಲ್ಲಿ ಎಂಟು ಬಾಚುವ ಘಟಕಗಳು. ಪ್ರತಿ ಹೆಡ್‌ಗೂ ಒಂದು ಲ್ಯಾಪ್, ಅಂದರೆ ಚಾಪೆಯಂತೆ ಸುತ್ತಿದ ಹತ್ತಿಯ ಹಾಳೆ. ಮೀಟರಿಗೆ 60ರಿಂದ 80 ಗ್ರಾಂ ತೂಕ. ಒಂದು ಸಲ ಬಾಚುವ ಪೂರ್ತಿ ಸುತ್ತಿಗೆ ಒಂದು ನಿಪ್ ಎನ್ನುತ್ತಾರೆ. ನಿಮಿಷಕ್ಕೆ 400 ನಿಪ್ ಎಂದರೆ ಒಂದೊಂದಕ್ಕೆ 150 ಮಿಲಿಸೆಕೆಂಡ್. ಅಷ್ಟರಲ್ಲಿ ಇಷ್ಟೆಲ್ಲ ಆಗಬೇಕು: ಫೀಡ್ ರೋಲರ್ ಲ್ಯಾಪನ್ನು ಸುಮಾರು 4.3ರಿಂದ 5.9 ಮಿ.ಮೀ. ಮುಂದೆ ತಳ್ಳುತ್ತದೆ. ನಿಪ್ಪರ್‌ನ ಮೇಲಿನ ಕೆಳಗಿನ ದವಡೆಗಳು ಕಚ್ಚಿಕೊಳ್ಳುತ್ತವೆ. ಕೆಳಗೆ ತಿರುಗುವ ಅರೆವೃತ್ತದ ಬಾಚಣಿಗೆಯ ಹಲ್ಲುಗಳು ಹೊರಚಾಚಿದ ಕುಚ್ಚಿನೊಳಗೆ ಹಾಯುತ್ತವೆ. ದವಡೆಗೆ ಸಿಕ್ಕದ ಗಿಡ್ಡ ಎಳೆ, ಗಂಟು, ಬೀಜದ ಸಿಪ್ಪೆ ಎಲ್ಲ ಹಲ್ಲಿನ ಜೊತೆ ಹೋಗುತ್ತವೆ. ದವಡೆ ತೆರೆದು ಮುಂದಕ್ಕೆ ತೂಗುತ್ತದೆ. ಎದುರಿಗಿರುವ ಡಿಟ್ಯಾಚಿಂಗ್ ರೋಲರ್‌ಗಳು ಒಂದಿಷ್ಟು ಹಿಂದಕ್ಕೆ ತಿರುಗಿ, ಹಿಂದಿನ ಸಲ ಎಳೆದ ಹಾಳೆಯ ಬಾಲವನ್ನು ಮರಳಿ ತರುತ್ತವೆ. ಹೊಸ ಕುಚ್ಚು ಅದರ ಮೇಲೆ ಕೂರುತ್ತದೆ. ರೋಲರ್‌ಗಳು ಮುಂದಕ್ಕೆ ತಿರುಗಿ ಉದ್ದ ಎಳೆಗಳನ್ನು ಎಳೆಯುವಾಗ ಮೇಲಿಂದ ಟಾಪ್ ಕೋಂಬ್ ಇಳಿದು ಬಾಲದ ಕಡೆಯನ್ನೂ ಬಾಚುತ್ತದೆ. ಅಷ್ಟರಲ್ಲಿ ಕೆಳಗೊಂದು ಬ್ರಶ್ ವೃತ್ತ ಬಾಚಣಿಗೆಯನ್ನು ಉಜ್ಜಿ ನಾಯಿಲನ್ನು ಗಾಳಿಯ ಕೊಳವೆಗೆ ಕಳಿಸಿರುತ್ತದೆ.

ಲೆಕ್ಕ ನೋಡಿ. ನಿಮಿಷಕ್ಕೆ 400 ನಿಪ್, ಫೀಡ್ 5.2 ಮಿ.ಮೀ., ಲ್ಯಾಪ್ ಮೀಟರಿಗೆ 75 ಗ್ರಾಂ, ಎಂಟು ಹೆಡ್, ನಾಯಿಲ್ ಶೇ 16. ಗಂಟೆಗೆ ಸುಮಾರು 63 ಕಿಲೊ ಸ್ಲೈವರ್, ಅಂದರೆ ಹಗ್ಗದಂಥ ಹತ್ತಿಯ ಪಟ್ಟಿ. ಶೇ 90 ದಕ್ಷತೆ ಹಿಡಿದರೆ 56 ಕಿಲೊ ಚಿಲ್ಲರೆ. ಅಷ್ಟಕ್ಕೆ ನಾಯಿಲ್ ಹತ್ತು ಕಿಲೊಗಿಂತ ಹೆಚ್ಚು. ಕೊಂಡ ಹತ್ತಿಯ ಆರನೇ ಒಂದು ಪಾಲನ್ನು ಬೇಕೆಂದೇ ತೆಗೆದುಹಾಕುವ ಯಂತ್ರ ಗಿರಣಿಯಲ್ಲಿ ಇನ್ನೊಂದಿಲ್ಲ. ಹಾಗಾಗಿ ತೆಗೆದದ್ದು ತೆಗೆಯಬೇಕಾದ್ದೇ ಎಂಬ ಖಾತ್ರಿ ಬೇಕು.

ಇಲ್ಲಿ ಹೊಸಬರು ಎಡವುವ ಒಂದು ವಿಷಯವಿದೆ, ಕೊಕ್ಕೆಗಳ ದಿಕ್ಕು. ಹತ್ತಿಯನ್ನು ಹಿಂಜಿ ಸ್ಲೈವರ್ ಮಾಡುವ ಕಾರ್ಡಿಂಗ್ ಯಂತ್ರದಿಂದ ಹೊರಬರುವ ಎಳೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಬಾಲದ ತುದಿಯಲ್ಲಿ ಕೊಕ್ಕೆಯಂತೆ ಮಡಚಿರುತ್ತವೆ. ಕೋಂಬರ್‌ನ ವೃತ್ತ ಬಾಚಣಿಗೆ ಬಿಡಿಸುವುದು ಮುಂದಿನ ತುದಿಯ ಕೊಕ್ಕೆಯನ್ನು. ಸ್ಲೈವರನ್ನು ಕ್ಯಾನ್‌ಗೆ ತುಂಬಿ ಮತ್ತೆ ಹೊರಗೆಳೆದಾಗಲೆಲ್ಲ ತಲೆ ಬಾಲ ಅದಲುಬದಲು. ಆದ್ದರಿಂದ ಕಾರ್ಡ್‌ಗೂ ಕೋಂಬರ್‌ಗೂ ನಡುವೆ ಯಂತ್ರಗಳ ಸಂಖ್ಯೆ ಸಮ ಇರಬೇಕು. ರೂಢಿಯಲ್ಲಿ ಎರಡು: ಹಲವು ಸ್ಲೈವರ್ ಸೇರಿಸಿ ಎಳೆಯುವ ಡ್ರಾ ಫ್ರೇಮ್ ಒಂದು, ಲ್ಯಾಪ್ ಮಾಡುವ ಯಂತ್ರ ಒಂದು. ಖರ್ಚು ಉಳಿಸಲು ಒಂದನ್ನು ಬಿಟ್ಟರೆ ಕೊಕ್ಕೆ ಬಾಲದಲ್ಲೇ ಉಳಿದು, ಉದ್ದ ಎಳೆಯೂ ಯಂತ್ರದ ಕಣ್ಣಿಗೆ ಗಿಡ್ಡವಾಗಿ, ಒಳ್ಳೆಯ ಹತ್ತಿ ನಾಯಿಲ್ ಡಬ್ಬಿಗೆ ಹೋಗುತ್ತದೆ. ಅತಿಯಾಗಿ ಎಳೆದು ನೇರಗೊಳಿಸಿದರೂ ಕಷ್ಟ. ಎಳೆಗಳು ಒಂದನ್ನೊಂದು ಹಿಡಿಯುವುದಿಲ್ಲ, ಲ್ಯಾಪ್ ಬಿಚ್ಚುವಾಗ ಪದರ ಪದರಕ್ಕೆ ಅಂಟಿ ಹರಿಯುತ್ತದೆ.

ನಾಯಿಲ್ ಪರೀಕ್ಷೆ ದಿನದ ಕೆಲಸ. ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ, ಪ್ರತಿ ಹೆಡ್‌ನ ನಾಯಿಲನ್ನೂ ಸ್ಲೈವರನ್ನೂ ಬೇರೆ ಬೇರೆ ತೂಗಬೇಕು. ನಾಯಿಲನ್ನು ಎರಡರ ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ. ಎಂಟರ ಸರಾಸರಿ ಸರಿಯಿದೆ ಎಂದು ಸುಮ್ಮನಾಗಬಾರದು. ಒಂದು ಹೆಡ್ 13, ಇನ್ನೊಂದು 19 ಇದ್ದರೂ ಸರಾಸರಿ 16 ಬರುತ್ತದೆ! ಹೆಚ್ಚು ಬಂದ ಹೆಡ್‌ನಲ್ಲಿ ನಿಪ್ಪರ್ ಹಿಡಿತ ಸಡಿಲವಿರಬಹುದು, ಟಾಪ್ ಕೋಂಬ್ ಆಳಕ್ಕೆ ಇಳಿದಿರಬಹುದು. ಕಡಿಮೆ ಬಂದಲ್ಲಿ ಬ್ರಶ್ ಸವೆದು ಹಲ್ಲು ತುಂಬಿಕೊಂಡಿರಬಹುದು, ಹಲ್ಲೇ ಮುರಿದಿರಬಹುದು. ಎಲ್ಲಕ್ಕಿಂತ ಸರಳ ಪರೀಕ್ಷೆಗೆ ಉಪಕರಣ ಬೇಡ. ಒಂದು ಚಿಟಿಕೆ ನಾಯಿಲನ್ನು ಕೈಯಲ್ಲಿ ಹಿಡಿದು ಎಳೆದು ಜೋಡಿಸಿ ನೋಡಿ. ಉದ್ದ ಎಳೆ ಧಾರಾಳವಾಗಿ ಕಂಡರೆ ದವಡೆ ಕಚ್ಚುತ್ತಿಲ್ಲ ಎಂದರ್ಥ.

ಈಗ ಅಲೆಗೆ ಬರೋಣ. ಕಡಲಿನದಲ್ಲ, ನೂಲಿನದು.

ಸ್ಲೈವರನ್ನು ತೆಳ್ಳಗೆ ಮಾಡುವುದು ರೋಲರ್‌ಗಳ ಜೋಡಿಯಿಂದ. ಹಿಂದಿನ ಜೋಡಿ ನಿಧಾನ, ಮುಂದಿನ ಜೋಡಿ ವೇಗ. ಉದ್ದ ಎಳೆ ಯಾವಾಗಲೂ ಯಾವುದೋ ಒಂದು ಜೋಡಿಯ ಹಿಡಿತದಲ್ಲಿರುತ್ತದೆ: ಹಿಂದಿನದು ಬಿಡುವ ಹೊತ್ತಿಗೆ ಮುಂದಿನದು ಹಿಡಿಯುತ್ತದೆ. ಗಿಡ್ಡ ಎಳೆಗೆ ಆ ಭಾಗ್ಯವಿಲ್ಲ. ಅದು ಎರಡರ ನಡುವೆ ತೇಲುತ್ತದೆ. ಗಿರಣಿಯ ಭಾಷೆಯಲ್ಲೇ ಅದಕ್ಕೆ ತೇಲುವ ಎಳೆ ಎಂದು ಹೆಸರು. ಅದು ನಡೆಯುವುದು ಅಕ್ಕಪಕ್ಕದ ಎಳೆಗಳ ಉಜ್ಜುವಿಕೆಯ ಮರ್ಜಿಯಿಂದ. ವೇಗದ ಎಳೆಯೊಂದು ತನ್ನೊಡನೆ ನಾಲ್ಕು ಗಿಡ್ಡ ಎಳೆಗಳನ್ನು ಹೊತ್ತಿಗೆ ಮುಂಚೆಯೇ ಎಳೆದೊಯ್ದರೆ ಅಲ್ಲೊಂದು ದಪ್ಪ ಜಾಗ, ಅದರ ಹಿಂದೆ ತೆಳು ಜಾಗ. ತೆಳುವಾದಲ್ಲಿ ಉಜ್ಜುವಿಕೆ ಕಡಿಮೆ, ಗಿಡ್ಡ ಎಳೆಗಳು ತಡೆದು ನಿಂತು ಗುಂಪಾಗುತ್ತವೆ. ಗುಂಪು ಬೆಳೆದು ಮತ್ತೆ ಒಟ್ಟಿಗೆ ಹೊರಡುತ್ತದೆ. ದಪ್ಪ, ತೆಳು, ದಪ್ಪ, ತೆಳು. ಇದು ಡ್ರಾಫ್ಟಿಂಗ್ ವೇವ್. ಕೊನೆಗೆ ನೂಲು ತೆಗೆಯುವ ರಿಂಗ್ ಫ್ರೇಮಿನಲ್ಲಿ ಇದರ ಉದ್ದ ಎಳೆಯ ಸರಾಸರಿ ಉದ್ದದ 2.75 ಪಟ್ಟು ಎಂದು ಹಿಡಿಯುತ್ತಾರೆ. 28 ಮಿ.ಮೀ. ಹತ್ತಿಗೆ ಸುಮಾರು 7.7 ಸೆಂ.ಮೀ. ಕೋಂಬರ್ ಇರುವುದು ಮುಖ್ಯವಾಗಿ ಈ ಅಲೆಯನ್ನು ತಗ್ಗಿಸಲು. ಅರ್ಧ ಇಂಚಿಗಿಂತ, ಅಂದರೆ 12.7 ಮಿ.ಮೀ.ಗಿಂತ ಗಿಡ್ಡವಾದ ಎಳೆಗಳನ್ನು ಆದಷ್ಟೂ ತೆಗೆದರೆ ತೇಲುವವರೇ ಕಡಿಮೆ.

ಪರೀಕ್ಷಾ ಕೋಣೆಯಲ್ಲಿ ನೂಲಿನ ದಪ್ಪವನ್ನು ಉದ್ದಕ್ಕೂ ಅಳೆದು, ಯಾವ ಉದ್ದದ ಅಲೆ ಎಷ್ಟು ಬಲವಾಗಿದೆ ಎಂದು ಬಿಡಿಸಿ ತೋರಿಸುವ ನಕ್ಷೆಗೆ ಸ್ಪೆಕ್ಟ್ರೋಗ್ರಾಮ್ ಎನ್ನುತ್ತಾರೆ. ಓದುವಾಗ ಒಂದು ಗುಟ್ಟು ನೆನಪಿಡಿ. ರಿಂಗ್ ಫ್ರೇಮಿನ ಮುಂದಿನ ರೋಲರ್ 27 ಮಿ.ಮೀ. ವ್ಯಾಸದ್ದಾದರೆ ಅದರ ಸುತ್ತಳತೆ 8.5 ಸೆಂ.ಮೀ. ರೋಲರ್ ಸೊಟ್ಟಗಿದ್ದರೆ ಪ್ರತಿ ಸುತ್ತಿಗೊಮ್ಮೆ ದಪ್ಪ ತೆಳು ಆಗಿ, ಅಲೆ 8.5 ಸೆಂ.ಮೀ. ಹತ್ತಿರ ಕಾಣುತ್ತದೆ. ಗಿಡ್ಡ ಎಳೆಯ ಅಲೆಯೂ 7.7ರ ಆಸುಪಾಸು! ಬರೀ ಅಂಕಿ ನೋಡಿದರೆ ಎರಡೂ ಒಂದೇ ಅನ್ನಿಸುತ್ತದೆ, ಆಕಾರ ನೋಡಬೇಕು. ಯಂತ್ರದ ದೋಷ ಚಿಮಣಿಯ ಹಾಗೆ ಒಂದೇ ಕಡೆ ನೆಟ್ಟಗೆ ಏಳುತ್ತದೆ, ಏಕೆಂದರೆ ರೋಲರ್ ಸುತ್ತಳತೆ ಬದಲಾಗುವುದಿಲ್ಲ. ಗಿಡ್ಡ ಎಳೆಯ ಅಲೆ ಗುಡ್ಡದ ಹಾಗೆ ಅಗಲವಾಗಿ ಉಬ್ಬುತ್ತದೆ, ಏಕೆಂದರೆ ಎಳೆಗಳ ಉದ್ದ ಒಂದೇ ಅಲ್ಲ, ಗುಂಪುಗೂಡುವ ಹೊತ್ತೂ ಒಂದೇ ಅಲ್ಲ. ಚಿಮಣಿ ಕಂಡರೆ ಫಿಟ್ಟರ್‌ನನ್ನು ಕರೆಯಿರಿ. ಗುಡ್ಡ ಕಂಡರೆ ಹತ್ತಿ, ನಾಯಿಲ್ ಪ್ರಮಾಣ, ರೋಲರ್‌ಗಳ ಅಂತರ ನೋಡಿ. ರಿಂಗ್ ಫ್ರೇಮಿಗೆ ಮುಂಚೆ ಸ್ಲೈವರನ್ನು ತೆಳು ಮಾಡುವ ಸಿಂಪ್ಲೆಕ್ಸ್ ಯಂತ್ರದ 28 ಮಿ.ಮೀ. ರೋಲರ್ ಸೊಟ್ಟಗಾಗಿದ್ದರೆ ಅದರ 88 ಮಿ.ಮೀ. ಅಲೆ ರಿಂಗ್ ಫ್ರೇಮಿನಲ್ಲಿ 30 ಪಟ್ಟು ಹಿಗ್ಗಿ ನೂಲಿನಲ್ಲಿ 2.6 ಮೀಟರ್ ಆಗಿ ಕಾಣುತ್ತದೆ. ಬಟ್ಟೆಯಲ್ಲಿ ಪಟ್ಟೆ ಪಟ್ಟೆಯಾಗಿ ಮೂಡುವುದು ಇಂಥವೇ.

ವ್ಯಂಗ್ಯವೆಂದರೆ ಅಲೆ ತಗ್ಗಿಸುವ ಕೋಂಬರ್ ತಾನೇ ಒಂದು ಅಲೆ ಹುಟ್ಟಿಸುತ್ತದೆ. ಪ್ರತಿ ನಿಪ್‌ನಲ್ಲೂ ಹೊಸ ಕುಚ್ಚನ್ನು ಹಳೆಯದರ ಮೇಲೆ ಹೆಂಚು ಹೊದಿಸಿದಂತೆ ಕೂರಿಸುತ್ತದಲ್ಲ, ಆ ಬೆಸುಗೆಯ ಜಾಗ ಉಳಿದದ್ದರಷ್ಟೇ ದಪ್ಪ ಇರುವುದಿಲ್ಲ. ನಿಪ್ ಒಂದಕ್ಕೆ 30 ಮಿ.ಮೀ. ಹಾಳೆ ಹೊರಬಂದು, ಯಂತ್ರದೊಳಗೇ 12 ಪಟ್ಟು ಎಳೆದರೆ, ಸ್ಲೈವರಿನಲ್ಲಿ 36 ಸೆಂ.ಮೀ.ಗೊಂದು ಅಲೆ. ಇದನ್ನು ಅಡಗಿಸಲು ಹಾಳೆಯನ್ನು ನೇರವಾಗಿ ಮಡಚದೆ ಒಂದು ಪಕ್ಕಕ್ಕೆ ಎಳೆದು ಬೆಸುಗೆಯನ್ನು ಓರೆ ಮಾಡುತ್ತಾರೆ. ಎಂಟು ಹೆಡ್‌ಗಳನ್ನು ಸೇರಿಸುವುದರಿಂದಲೂ, ಮುಂದೆ ಡ್ರಾ ಫ್ರೇಮಿನಲ್ಲಿ ಮತ್ತೆ ಎಂಟನ್ನು ಸೇರಿಸುವುದರಿಂದಲೂ ತಗ್ಗುತ್ತದೆ. ಡಿಟ್ಯಾಚಿಂಗ್ ರೋಲರ್ ಎಳೆಯುವ ಹೊತ್ತು ತಪ್ಪಿದ್ದರೆ ಮಾತ್ರ ಇದ್ಯಾವುದೂ ಸಾಲದು, ಹಾಳೆಯಲ್ಲಿ ಅಡ್ಡಗೆರೆ ಬರಿಗಣ್ಣಿಗೇ ಕಾಣುತ್ತದೆ. ಕೋಂಬರ್ ನಂತರ ಡ್ರಾ ಫ್ರೇಮ್ ಒಂದೇ ಸಾಕು. ಬಾಚಿದ ಎಳೆಗಳಿಗೆ ಪರಸ್ಪರ ಹಿಡಿತ ಕಡಿಮೆ, ಮತ್ತೆ ಮತ್ತೆ ಎಳೆದರೆ ಕೆಡುತ್ತದೆ.

ಇನ್ನು ಕಡಲು. ನೀರಲ್ಲಿ ತೇಲುತ್ತಾ ಅಲೆ ಅಳೆಯುವ ಬೋಯ್‌ಗಳು ಕೊಡುವುದೂ ಸ್ಪೆಕ್ಟ್ರಮ್ ನಕ್ಷೆಯೇ. ಹೊನ್ನಾವರದ ಹತ್ತಿರದ ಕಡಲಲ್ಲೂ ಇಂಥ ಅಳತೆ ಮಾಡಿದ್ದಾರೆ. ಓದುವ ಕ್ರಮ ಗಿರಣಿಯದಕ್ಕೆ ಆಶ್ಚರ್ಯವಾಗುವಷ್ಟು ಹತ್ತಿರ. ಅಲ್ಲೇ ಬೀಸುವ ಗಾಳಿ ಎಬ್ಬಿಸಿದ ಅಲೆಗಳು ಗಿಡ್ಡ, ಒಂದಕ್ಕೊಂದು ತಾಳವಿಲ್ಲ. ನಕ್ಷೆಯಲ್ಲಿ ಅಗಲ ಗುಡ್ಡ. ದೂರದ ಬಿರುಗಾಳಿಯಿಂದ ಬಂದ ಅಲೆಗಳು ಉದ್ದ, ತಾಳಬದ್ಧ. ನಕ್ಷೆಯಲ್ಲಿ ಕಡಿದಾದ ಮೊನೆ. ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ನಮ್ಮ ಕರಾವಳಿಯಲ್ಲಿ ಇವೆರಡೂ ಒಟ್ಟಿಗೆ ಇರುತ್ತವೆ: ಮಧ್ಯಾಹ್ನದ ಕಡಲಗಾಳಿಯ ಗಿಡ್ಡ ಅಲೆಗಳ ಕೆಳಗೆ ತೆಂಕಣದ ಉದ್ದ ಅಲೆ.

ಕಡಲಿನಲ್ಲಿ ಉದ್ದ ಗಿಡ್ಡವನ್ನು ಬೇರೆ ಮಾಡುವುದು ಯಾರು? ದೂರ. ಆಳ ನೀರಿನಲ್ಲಿ ಉದ್ದ ಅಲೆಗೆ ವೇಗ ಹೆಚ್ಚು. ಲೆಕ್ಕ ಸುಲಭ: ಒಂದು ನೆತ್ತಿಯಿಂದ ಮುಂದಿನ ನೆತ್ತಿಗೆ ಬೇಕಾದ ಸೆಕೆಂಡುಗಳನ್ನು 1.56ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಮೀಟರ್ ವೇಗ ಎಂಬುದು ಬರುತ್ತದೆ. ಸೆಕೆಂಡಿನ ವರ್ಗವನ್ನು 1.56ರಿಂದ ಗುಣಿಸಿದರೆ ಅಲೆಯುದ್ದ. ಹತ್ತು ಸೆಕೆಂಡಿನ ಅಲೆ 156 ಮೀಟರ್ ಉದ್ದ, ಗಂಟೆಗೆ 56 ಕಿ.ಮೀ. ವೇಗ. ಆದರೆ ಗುಂಪಿನ ಶಕ್ತಿ ಸಾಗುವುದು ಇದರ ಅರ್ಧ ವೇಗದಲ್ಲಿ. 6000 ಕಿ.ಮೀ. ದೂರದ ದಕ್ಷಿಣ ಸಾಗರದಲ್ಲಿ ಬಿರುಗಾಳಿ ಎದ್ದರೆ 18 ಸೆಕೆಂಡಿನ ಅಲೆ ಇಲ್ಲಿಗೆ 5 ದಿನದಲ್ಲಿ ಮುಟ್ಟುತ್ತದೆ. 14 ಸೆಕೆಂಡಿನದಕ್ಕೆ ಆರೂವರೆ ದಿನ, 10 ಸೆಕೆಂಡಿನದಕ್ಕೆ ಒಂಬತ್ತು ದಿನ ಬೇಕು. ಅದಕ್ಕೂ ಗಿಡ್ಡವಾದವು ಬಹುಮಟ್ಟಿಗೆ ಹುಟ್ಟಿದಲ್ಲೇ ಒಡೆದು, ಹರಡಿ, ಸತ್ತಿರುತ್ತವೆ. ಹುಟ್ಟಿದಲ್ಲಿ ಎಲ್ಲ ಉದ್ದಗಳೂ ಕಲಸಿಕೊಂಡಿದ್ದವು, ದಡಕ್ಕೆ ಬರುವಾಗ ಉದ್ದಕ್ಕೆ ತಕ್ಕ ಸಾಲು. 1963ರಲ್ಲಿ ವಾಲ್ಟರ್ ಮಂಕ್ ಮತ್ತು ಸಂಗಡಿಗರು ನ್ಯೂಜಿಲೆಂಡ್‌ನಿಂದ ಅಲಾಸ್ಕಾದವರೆಗೆ ಅಳತೆ ಕೇಂದ್ರಗಳನ್ನಿಟ್ಟು, ತೆಂಕಣದ ಬಿರುಗಾಳಿಗಳ ಅಲೆಗಳು ಪೆಸಿಫಿಕ್ ಪೂರ್ತಿ ದಾಟುವುದನ್ನು ಹಿಂಬಾಲಿಸಿ ತೋರಿಸಿದರು.

ಇದರ ಅಪಾಯದ ಮುಖವೂ ಇದೆ. ಇಲ್ಲಿ ಗಾಳಿಯಿಲ್ಲ, ಮೋಡವಿಲ್ಲ, ಆದರೂ ಕಡಲು ಮೇಲೇರಿ ಮನೆಯಂಗಳಕ್ಕೆ ಬರುತ್ತದೆ. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಕನ್ನಡಿಗರಿಗೆ ಅರ್ಥ ಹೇಳಬೇಕಿಲ್ಲ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಉಬ್ಬಲೆ ಎಚ್ಚರಿಕೆಗಳು ಇದರ ಬಗ್ಗೆ. ಅದರಲ್ಲಿ ಎತ್ತರದ ಅಂಕಿಯನ್ನಷ್ಟೇ ನೋಡುವುದು ತಪ್ಪು. ಒಂದೂವರೆ ಮೀಟರ್ ಎತ್ತರದ 18 ಸೆಕೆಂಡ್ ಅಲೆ, ಅದೇ ಎತ್ತರದ 6 ಸೆಕೆಂಡ್ ಅಲೆಗಿಂತ ದಡದಲ್ಲಿ ಬಹಳ ಮೇಲಕ್ಕೆ ನುಗ್ಗುತ್ತದೆ.

ಉದ್ದ ಅಲೆ ಯಾವಾಗ ನಾವಿಕರ ಕೋಂಬರ್ ಆಗುತ್ತದೆ? ಆಳ ಅಲೆಯುದ್ದದ ಅರ್ಧಕ್ಕಿಂತ ಕಡಿಮೆಯಾದಾಗ ಅಲೆಗೆ ತಳ ತಿಳಿಯತೊಡಗುತ್ತದೆ. ಹತ್ತು ಸೆಕೆಂಡಿನ ಅಲೆಗೆ ಅದು 78 ಮೀಟರ್ ಆಳ. ಅಲ್ಲಿಂದ ಮುಂದೆ ಕ್ರಮೇಣ ವೇಗ ತಗ್ಗುತ್ತದೆ, ಉದ್ದ ಕುಗ್ಗುತ್ತದೆ, ದಡ ಹತ್ತಿರವಾದಂತೆ ಎತ್ತರ ಹೆಚ್ಚುತ್ತದೆ. ತಳದ ಮರಳಿಗೆ ಉಜ್ಜಿ ಬುಡ ನಿಂತುಹೋಗಿ ತಲೆ ಮುಗ್ಗರಿಸುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಅದು ಪೂರ್ತಿ ಸರಿಯಲ್ಲ. ಉಜ್ಜುವಿಕೆಯ ಪಾಲು ಸಣ್ಣದು. ಆಳವಿಲ್ಲದ ನೀರಿನಲ್ಲಿ ವೇಗ ಆಳದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ. ಎರಡು ಮೀಟರ್ ಆಳದಲ್ಲಿ ಗಂಟೆಗೆ ಸುಮಾರು 16 ಕಿ.ಮೀ. ನೆತ್ತಿಯ ಕೆಳಗೆ ನೀರು ಹೆಚ್ಚು, ತಗ್ಗಿನ ಕೆಳಗೆ ಕಡಿಮೆ. ಹಾಗಾಗಿ ನೆತ್ತಿ ತನ್ನ ಮುಂದಿನ ತಗ್ಗನ್ನು ಬೆನ್ನಟ್ಟಿ ಹಿಡಿಯುತ್ತದೆ, ಎದುರು ಮುಖ ಕಡಿದಾಗುತ್ತದೆ. ನೆತ್ತಿಯ ನೀರಿನ ವೇಗ ಅಲೆಯ ವೇಗವನ್ನು ಮೀರಿದ ಕ್ಷಣ ಅದು ಮುಂದಕ್ಕೆ ಸುರಿಯುತ್ತದೆ. ಸ್ಥೂಲವಾಗಿ ಅಲೆಯೆತ್ತರ ಆಳದ 0.78ರಷ್ಟಾದಾಗ ಹೀಗಾಗುತ್ತದೆ. ಎರಡು ಮೀಟರ್ ಅಲೆ ಒಡೆಯುತ್ತಿರುವ ಕಡೆ ಆಳ ಸುಮಾರು ಎರಡೂವರೆ ಮೀಟರ್. ನಡುಗಡಲಿನಲ್ಲಿ ತಳದ ಹಂಗಿಲ್ಲ, ಅಲ್ಲಿ ಮಿತಿ ಹಾಕುವುದು ಅಲೆ ಎಷ್ಟು ಕಡಿದಾಗಿದೆ ಎಂಬುದು: ಎತ್ತರ ಉದ್ದದ ಏಳನೇ ಒಂದನ್ನು ಮೀರಲಾರದು. ಮೀರುವ ಮುಂಚೆಯೇ ಬಿಳಿ ನೊರೆ.

ಒಡೆಯುವ ಬಗೆಯೂ ಒಂದೇ ಅಲ್ಲ. ದಡದ ಇಳಿಜಾರನ್ನು, ಅಲೆಯ ಎತ್ತರ ಮತ್ತು ಉದ್ದದ ಅನುಪಾತದ ವರ್ಗಮೂಲದಿಂದ ಭಾಗಿಸಿ. ಬಂದ ಅಂಕಿ 0.5ಕ್ಕಿಂತ ಕಡಿಮೆಯಿದ್ದರೆ ನೆತ್ತಿಯಿಂದ ನೊರೆ ಸುರಿಯುತ್ತಾ ದೂರದವರೆಗೆ ಉರುಳಿ ಬರುತ್ತದೆ. 0.5ರಿಂದ 3.3ರವರೆಗೆ ನೆತ್ತಿ ಕಮಾನಾಗಿ ಎಗರಿ ಬೀಳುತ್ತದೆ. ಅದಕ್ಕೂ ಮೇಲಾದರೆ ಒಡೆಯದೆ ದಡಕ್ಕೆ ಉಕ್ಕಿ ಏರುತ್ತದೆ. 15ಕ್ಕೆ 1 ಇಳಿಜಾರಿನ ದಡಕ್ಕೆ ಒಂದೂವರೆ ಮೀಟರಿನ, 12 ಸೆಕೆಂಡಿನ ಅಲೆ ಬಂದರೆ ಅಂಕಿ 0.8: ಕಮಾನು. ಅದೇ ದಡಕ್ಕೆ ಮೂರು ಮೀಟರಿನ, 9 ಸೆಕೆಂಡಿನ ಮಳೆಗಾಲದ ಅಲೆ ಬಂದರೆ 0.43: ಸುರಿನೊರೆ. ನೋಡಲು ಭೀಕರ ಮಳೆಗಾಲದ್ದು. ಆದರೆ ಈಜುವವರ ಕತ್ತು ಬೆನ್ನುಮೂಳೆಗೆ ಪೆಟ್ಟು ಕೊಡುವುದು ಕಮಾನು ಅಲೆ, ಅದೂ ಬಿಸಿಲು ಬಿದ್ದ ಸುಂದರ ದಿನಗಳಲ್ಲಿ. ಗಾಳಿಯ ದಿಕ್ಕೂ ಲೆಕ್ಕಕ್ಕೆ ಬರುತ್ತದೆ. ಬೆಳಗಿನ ನೆಲಗಾಳಿ ಎದುರಿಂದ ಬೀಸಿ ನೆತ್ತಿಯನ್ನು ತಡೆಹಿಡಿಯುತ್ತದೆ, ಅಲೆ ಇನ್ನಷ್ಟು ದಡದ ಹತ್ತಿರ ಬಂದು ನೆಟ್ಟಗೆ ನಿಂತು ಒಡೆಯುತ್ತದೆ. ಮುಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗ್ ಮಾಡುವವರು ಬೆಳಗ್ಗೆಯೇ ನೀರಿಗಿಳಿಯುವುದು ಇದಕ್ಕೇ. ಮಧ್ಯಾಹ್ನದ ಕಡಲಗಾಳಿ ಹಿಂದಿನಿಂದ ನೂಕಿ ದೂರದಲ್ಲೇ ಒಡೆಸಿಬಿಡುತ್ತದೆ.

ದೋಣಿಯವರಿಗೆ ಇನ್ನೂ ಮುಖ್ಯವಾದದ್ದು ಅಳಿವೆ ಬಾಗಿಲು. ಅಲ್ಲಿ ಮರಳ ದಿಬ್ಬದಿಂದ ಆಳ ಕಡಿಮೆ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ಹೊರಕ್ಕೆ ಹರಿದು ಬರುವ ಅಲೆಗೆ ಎದುರಾಗುತ್ತದೆ. ಎದುರು ಹರಿವಿಗೆ ಸಿಕ್ಕ ಅಲೆ ಉದ್ದದಲ್ಲಿ ಕುಗ್ಗಿ ಎತ್ತರದಲ್ಲಿ ಬೆಳೆಯುತ್ತದೆ, ಎರಡೂ ಸೇರಿ ಕಡಿದಾಗಿ ಇದ್ದಕ್ಕಿದ್ದಂತೆ ಒಡೆಯುತ್ತದೆ. ಅರ್ಧ ಗಂಟೆ ಮುಂಚೆ ಸರಾಗವಾಗಿದ್ದ ಬಾಗಿಲು ಇಳಿತ ಬಲವಾದಾಗ ದಾಟಲಾರದಂತಾಗುವುದು ಹೀಗೆ. ಉಬ್ಬರ ಏರುವಾಗ ಹರಿವು ಅಲೆಯ ಜೊತೆಗೇ ಒಳಬರುತ್ತದೆ, ಆಳವೂ ಹೆಚ್ಚು. ದಾಟಲು ಆ ಹೊತ್ತೇ ಲೇಸು. ದಾಟುವ ಮುಂಚೆ ಹೊರಗೆ ನಿಂತು ಅಲೆ ಎಣಿಸುವುದು ಒಳ್ಳೆಯ ಪಾಠ. ಒಂದು ಗುರುತಿನ ಬಳಿ ಹನ್ನೊಂದು ನೆತ್ತಿಗಳು ಹಾಯಲು ಹಿಡಿದ ಸೆಕೆಂಡುಗಳನ್ನು ಹತ್ತರಿಂದ ಭಾಗಿಸಿದರೆ ಅವಧಿ ಸಿಗುತ್ತದೆ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ಗುಂಪು ಕಳೆದ ಮೇಲೆ ತುಸು ಬಿಡುವು. ಅವಧಿ ಉದ್ದವಾದಷ್ಟೂ ಬಿಡುವೂ ಉದ್ದ. ನಾಲ್ಕೈದು ಅಲೆ ನೋಡಿ ಕಡಲು ಶಾಂತವಿದೆ ಎಂದು ತೀರ್ಮಾನಿಸುವುದು ಅಂಥ ದಿನವೇ ಹೆಚ್ಚು ಅಪಾಯ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದೆ.

ತೆಗೆದ ನಾಯಿಲ್ ಏನಾಗುತ್ತದೆ? ವ್ಯರ್ಥವಾಗುವುದಿಲ್ಲ. ರಿಂಗ್ ಫ್ರೇಮ್ ಇಲ್ಲದೆ ಬೇರೆ ಕ್ರಮದಲ್ಲಿ ನೂಲುವ ಓಪನ್ ಎಂಡ್ ಗಿರಣಿಗಳು ಒರಟು ನೂಲಿಗೆ ಕೊಳ್ಳುತ್ತವೆ, ಆಸ್ಪತ್ರೆಯ ಹತ್ತಿಗೆ ಹೋಗುತ್ತದೆ. ನಮ್ಮ ನೋಟಿನ ಕಾಗದ ಹತ್ತಿಯದು, ಅದಕ್ಕೂ ಕೋಂಬರ್ ನಾಯಿಲ್ ಬಳಕೆಯಾಗುತ್ತದೆ. ಮೈಸೂರಿನಲ್ಲೇ ನೋಟಿನ ಕಾಗದದ ಗಿರಣಿಯಿದೆ. ಕಾಗದಕ್ಕೆ ಗಿಡ್ಡ ಎಳೆಯೇ ಬೇಕು, ಉದ್ದ ಎಳೆ ನೀರಿನ ತೊಟ್ಟಿಯಲ್ಲಿ ಹಗ್ಗವಾಗಿ ಸುತ್ತಿಕೊಳ್ಳುತ್ತದೆ. ಚನ್ನಪಟ್ಟಣದಲ್ಲಿ ರೇಷ್ಮೆಯ ಚಿಂದಿಯಿಂದ ನೂಲು ತೆಗೆದ ಸ್ಪನ್ ಸಿಲ್ಕ್ ಉದ್ಯಮದಲ್ಲೂ ಇದೇ ಬಾಚುವ ಕ್ರಮ, ಅಲ್ಲೂ ನಾಯಿಲ್ ಉಂಟು.

ಪಾಲಿಯೆಸ್ಟರನ್ನೂ ಬಾಚುತ್ತಾರೆಯೆ? ಇಲ್ಲ. ಅದನ್ನು ಕಾರ್ಖಾನೆಯಲ್ಲೇ 38 ಮಿ.ಮೀ. ಅಥವಾ ಬೇಕಾದ ಒಂದೇ ಅಳತೆಗೆ ಕತ್ತರಿಸಿರುತ್ತಾರೆ, ತೆಗೆಯಲು ಗಿಡ್ಡದ್ದೇ ಇರುವುದಿಲ್ಲ. ಮಿಶ್ರ ನೂಲಿಗೆ ಹತ್ತಿಯನ್ನು ಬೇರೆಯಾಗಿ ಬಾಚಿ, ಆಮೇಲೆ ಡ್ರಾ ಫ್ರೇಮಿನಲ್ಲಿ ಪಾಲಿಯೆಸ್ಟರ್ ಸ್ಲೈವರ್ ಜೊತೆ ಸೇರಿಸುತ್ತಾರೆ. ಮೊದಲೇ ಬೆರೆಸಿ ಕೋಂಬರ್‌ಗೆ ಕೊಟ್ಟರೆ ನಾಯಿಲ್‌ನಲ್ಲಿ ಹತ್ತಿ ಹೆಚ್ಚು ಹೋಗಿ ಮಿಶ್ರಣದ ಪ್ರಮಾಣವೇ ತಪ್ಪುತ್ತದೆ. ಜೊತೆಗೆ ಪಾಲಿಯೆಸ್ಟರ್ ಬೆರೆತ ಆ ನಾಯಿಲನ್ನು ಆಸ್ಪತ್ರೆಯವರೂ ಕಾಗದದವರೂ ಮುಟ್ಟುವುದಿಲ್ಲ.